ಈ ಸಲ ನೆಲವೇ ಡೊಂಕು

ಆ ಜಾಹೀರಾತು ನಿಮ್ಮ ಫೋನಿಗೂ ಬಂದೇ ಬಂದಿರುತ್ತದೆ. ಬಿಳಿ ಗೋಡೆ, ಬಿಳಿ ಸೋಫಾ, ಬಿಳಿ ಹಲ್ಲು, ನಡುವೆ ಒಂದು ಕೀಬೋರ್ಡು. 21 ದಿನದಲ್ಲಿ ಪಿಯಾನೊ! ಮನೆಯಲ್ಲೇ ಕೂತು! ನೊಟೇಶನ್ ಓದುವ ಕಾಟವಿಲ್ಲ, ಅಭ್ಯಾಸದ ಗೋಳಿಲ್ಲ! ‘ಸ್ಕಿಪ್’ ಒತ್ತುವುದು ಅರ್ಧ ನಿಮಿಷ ತಡವಾದರೆ ಒಂದನೇ ದಿನದ ಪಾಠ ಮುಗಿದೇ ಹೋಗಿರುತ್ತದೆ.

21 ದಿನ ಅನ್ನುವುದು ಸುಮ್ಮನೆ ಬಂದ ಲೆಕ್ಕವಲ್ಲ. ಕೋಳಿಮೊಟ್ಟೆ ಒಡೆದು ಮರಿ ಹೊರಬರಲಿಕ್ಕೂ ಅಷ್ಟೇ ದಿನ ಬೇಕು. ಅಲ್ಲಿ ತಾಯಿಕೋಳಿ ಮೂರು ವಾರ ಕಾವು ಕೊಟ್ಟು ಕೂರಬೇಕು. ಇಲ್ಲಿ ಅದೂ ಬೇಡ, ಆ್ಯಪ್ ಇಳಿಸಿಕೊಂಡರೆ ಸಾಕು.

ನಿಜಕ್ಕೂ 21 ದಿನದಲ್ಲಿ ಏನಾಗುತ್ತದೆ? ದಿನಾ ಅರ್ಧ ಗಂಟೆ ಕೂತರೆ, ಹೇಳಿಕೊಡುವವರಿಗೆ ತಾಳ್ಮೆ ಇದ್ದರೆ, ಸಿ ಮೇಜರ್ ಸ್ಕೇಲು ಒಂದು ಆಕ್ಟೇವ್, ಅಂದರೆ ಒಂದು ಸಿಯಿಂದ ಮುಂದಿನ ಸಿವರೆಗಿನ ಎಂಟು ಬಿಳಿ ಕೀ, ಎರಡೂ ಕೈಯಲ್ಲಿ ಬಂದೀತು. ಅದೂ ಸುಲಭವಲ್ಲ. ಬೆರಳಿನ ಎಣಿಕೆ ಹೆಬ್ಬೆರಳಿನಿಂದ ಶುರು. ಬಲಗೈಯಲ್ಲಿ 1-2-3 ಆದ ಮೇಲೆ ಹೆಬ್ಬೆರಳು ಮೂರನೇ ಬೆರಳಿನ ಕೆಳಗೆ ನುಸುಳಿ ನಾಲ್ಕನೇ ಸ್ವರ ಹಿಡಿಯಬೇಕು. ಎಡಗೈ ಕಿರುಬೆರಳಿನಿಂದ ಹೊರಟು ಐದನೇ ಸ್ವರಕ್ಕೆ ಹೆಬ್ಬೆರಳಿಗೆ ಬಂದು, ಆರನೆಯದಕ್ಕೆ ಮೂರನೇ ಬೆರಳನ್ನು ಅದರ ಮೇಲಿಂದ ದಾಟಿಸಬೇಕು. ಒಂದು ಕೈ ನಾಲ್ಕರಲ್ಲಿ ನುಸುಳುತ್ತದೆ, ಇನ್ನೊಂದು ಆರರಲ್ಲಿ ದಾಟುತ್ತದೆ. ಬಲಗೈಯ ಹೆಬ್ಬೆರಳು ತಡವಾಗಿ ಹೊರಟಿತೋ, ಮೊಣಕೈ ರೆಕ್ಕೆಯ ಹಾಗೆ ಮೇಲೇಳುತ್ತದೆ, ನಾಲ್ಕನೇ ಸ್ವರ ಮಾತ್ರ ಧಡ್ ಅನ್ನುತ್ತದೆ. ಇದು ಕೇಳಬೇಕಾದ ತಪ್ಪು, ನೋಡಬೇಕಾದ ತಪ್ಪು. ಆ್ಯಪ್‌ಗೆ ಸರಿಯಾದ ಕೀ ಒತ್ತಿದರೆ ಆಯಿತು, ಹಸಿರು ಟಿಕ್ ಬೀಳುತ್ತದೆ. ಮೂಗಿನಿಂದ ಒತ್ತಿದರೂ ಬೀಳುತ್ತದೆ.

ಕೈಯ ವಿಷಯ ಬಂತಲ್ಲ, 1814ಕ್ಕೆ ಒಂದು ಸುತ್ತು ಹೋಗಿಬರೋಣ. ಡಬ್ಲಿನ್ನಿನಲ್ಲಿ ಯೋಹಾನ್ ಬರ್ನ್‌ಹಾರ್ಡ್ ಲೋಗಿಯರ್ ಅನ್ನುವ ಮೇಷ್ಟ್ರು ಕೈರೋಪ್ಲಾಸ್ಟ್ ಎಂಬ ಯಂತ್ರಕ್ಕೆ ಆ ವರ್ಷ ಪೇಟೆಂಟ್ ತೆಗೆದುಕೊಂಡರು. ಕೀಲಿಮಣೆಯ ಉದ್ದಕ್ಕೂ ಎರಡು ಅಡ್ಡಪಟ್ಟಿ, ನಡುವೆ ಮಣಿಕಟ್ಟು ತೂರಿಸಬೇಕು. ಬೆರಳುಗಳ ನಡುವೆ ಲೋಹದ ತಡೆ, ಒಂದೊಂದು ಬೆರಳಿಗೂ ಒಂದೊಂದು ಗೂಡು. ಅದರೊಳಗೆ ಕೈಯಿಟ್ಟ ಮಗು ತಪ್ಪು ಕೀ ಒತ್ತುವ ಹಾಗೇ ಇಲ್ಲ. ಹೆಬ್ಬೆರಳು ನುಸುಳುವ ಪ್ರಶ್ನೆಯೂ ಇಲ್ಲ, ಅದು ಗೂಡಿನಲ್ಲಿದೆ. ಸಾಲಾಗಿ ಪಿಯಾನೊ ಇಟ್ಟು ಹತ್ತಾರು ಮಕ್ಕಳಿಗೆ ಒಟ್ಟಿಗೇ ಪಾಠ ಮಾಡಿದರು. ವ್ಯಾಪಾರ ಜೋರಾಗಿಯೇ ನಡೆಯಿತು. ಈಗ ಕೈರೋಪ್ಲಾಸ್ಟ್ ನೋಡಬೇಕಿದ್ದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅದರ ಮರಿಮಗ ಮಾತ್ರ ಪರದೆಯ ಮೇಲೆ ಬಣ್ಣಬಣ್ಣದ ಇಟ್ಟಿಗೆ ಉದುರಿಸುತ್ತ ಕೂತಿದ್ದಾನೆ. ಇಟ್ಟಿಗೆ ಬಿದ್ದಲ್ಲಿ ಬೆರಳು ಇಡು. ಎರಡು ತಿಂಗಳು ಹೀಗೆ ಆಡಿದ ಮಗುವಿನ ಮುಂದಿನಿಂದ ಟ್ಯಾಬ್ ತೆಗೆದು ನೋಡಿ. ಕೈ ಕೀ ಮೇಲೆ ಇರುತ್ತದೆ, ಕಣ್ಣು ಸೂರು ನೋಡುತ್ತಿರುತ್ತದೆ, ಇನ್ನೂ ಯಾಕೆ ಏನೂ ಉದುರುತ್ತಿಲ್ಲ ಅಂತ.

ವಾದ್ಯದ ಕಥೆ ಇನ್ನೂ ಚೆಂದ. 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ ಸುತ್ತಿಗೆಯಿಂದ ತಂತಿ ಹೊಡೆಯುವ ವಾದ್ಯ ಮಾಡಿದ. ಅದಕ್ಕೂ ಮುಂಚಿನ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು. ಎಷ್ಟೇ ಮೆಲ್ಲಗೆ ಒತ್ತಿ, ಎಷ್ಟೇ ಗುದ್ದಿ, ಸದ್ದು ಹೆಚ್ಚುಕಮ್ಮಿ ಅಷ್ಟೇ. ಹೊಸ ವಾದ್ಯ ಮೆಲ್ಲಗೂ ನುಡಿಯುತ್ತದೆ, ಜೋರಾಗಿಯೂ ನುಡಿಯುತ್ತದೆ ಎಂದು ಅದರ ಹೆಸರಿನಲ್ಲೇ ‘ಪಿಯಾನೊ ಎ ಫೋರ್ಟೆ’ ಸೇರಿತು. ಜನ ಕತ್ತರಿಸಿ ಪಿಯಾನೊ ಅಂದರು. ಅಂದರೆ ಮೆಲ್ಲಗೆ.

ಈಗ ‘ಬಿಗಿನರ್ ಪಿಯಾನೊ’ ಅಂತ ಮನೆಗೆ ಬರುವ ಡಬ್ಬ ತೆರೆಯಿರಿ. 88 ಕೀಗಳ ಬದಲು 61. ಎಡತುದಿಯಲ್ಲಿ 15, ಬಲತುದಿಯಲ್ಲಿ 12 ಮಾಯ. ಅದು ಹೋಗಲಿ, ಶುರುವಿನಲ್ಲಿ ಅಷ್ಟು ದೂರ ಯಾರೂ ಹೋಗುವುದಿಲ್ಲ. ಆದರೆ ತೀರಾ ಅಗ್ಗದ್ದಾದರೆ ಟಚ್ ರೆಸ್ಪಾನ್ಸ್ ಇರುವುದಿಲ್ಲ: ಸವರಿದರೂ ಅದೇ ಸದ್ದು, ಗುದ್ದಿದರೂ ಅದೇ ಸದ್ದು. ಮುನ್ನೂರು ವರ್ಷ ಹಿಂದಕ್ಕೆ ನಡೆದು ಹಾರ್ಪ್ಸಿಕಾರ್ಡಿನ ಮುಂದೆ ಬಂದು ನಿಂತೆವು. ಬದಲಿಗೆ ನೂರು ಬಗೆಯ ರಿದಮ್ ಇದೆ, ಕೆಲವದರಲ್ಲಿ ನಾಯಿ ಬೊಗಳುವ ಸದ್ದೂ ಇದೆ. ಮಗು ಮೊದಲ ವಾರ ಅದನ್ನೇ ಕಲಿಯುತ್ತದೆ.

ಇದನ್ನು ಇಡುವುದು ಎಲ್ಲಿ? ಕತ್ತರಿಕಾಲಿನ ಸ್ಟ್ಯಾಂಡಿನ ಮೇಲೆ. ಎಡಗೈ ಜೋರಾದರೆ ಬಲಗಡೆ ನಡುಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಮಂಚವೇ ಇದೆಯಲ್ಲ. ಮೊಣಕೈ ಕೀಗಳ ಮಟ್ಟಕ್ಕಿರಬೇಕು, ಮುಂಗೈ ನೆಲಕ್ಕೆ ಸಮನಾಗಿರಬೇಕು, ಕಾಲು ಎಟಕದ ಮಗುವಿಗೆ ಅಡಿಯಲ್ಲಿ ಮಣೆ ಬೇಕು. ಇಲ್ಲದಿದ್ದರೆ ಹೆಗಲು ಕಿವಿಗೆ ಏರುತ್ತದೆ, ಹತ್ತೇ ನಿಮಿಷಕ್ಕೆ ಮಣಿಕಟ್ಟು ನೋಯುತ್ತದೆ. ಪಾಠ ವಿಡಿಯೊ ಕರೆಯಲ್ಲಾದರೆ, ಇದನ್ನು ಗಮನಿಸಬೇಕಾದ ಟೀಚರ್‌ಗೆ ಕಾಣುವುದೇನು? ಮಗುವಿನ ಹಣೆ ಮತ್ತು ಸೀಲಿಂಗ್ ಫ್ಯಾನು.

ಸರಿ, ಕಾಣುವುದಿಲ್ಲ, ಕೇಳಿಸೀತು ಅಂದುಕೊಂಡಿರಾ? ವಿಡಿಯೊ ಕರೆ ಹುಟ್ಟಿದ್ದು ಮೀಟಿಂಗಿಗೆ. ಅದಕ್ಕೆ ಮಾತು ಮಾತ್ರ ಮನುಷ್ಯರದು. ಒಂದೇ ಸಮನೆ ಮೊಳಗುವುದೆಲ್ಲ ಫ್ಯಾನು, ಮಿಕ್ಸಿ, ಗಲಾಟೆ. ಪಿಯಾನೊ ಸ್ವರ ಸುತ್ತಿಗೆ ಬಿದ್ದಾಗ ಠಣ್ ಎಂದು ಹುಟ್ಟಿ, ನಿಧಾನಕ್ಕೆ ಕರಗುತ್ತದೆ. ಗದ್ದಲ ಅಡಗಿಸುವ ಫಿಲ್ಟರ್, ಅಂದರೆ ನಾಯ್ಸ್ ಸಪ್ರೆಶನ್, ಆ ಠಣ್ ಅನ್ನು ಒಳಗೆ ಬಿಟ್ಟು, ಕರಗುವ ಬಾಲವನ್ನು ಕತ್ತರಿಸಿ ಬಿಸಾಡುತ್ತದೆ. ಉಳಿದದ್ದರಲ್ಲಿ ಮೆಲ್ಲಗಿನದನ್ನು ಇನ್ನೊಂದು ಫಿಲ್ಟರ್ ಎತ್ತುತ್ತದೆ, ಜೋರಿನದನ್ನು ಇಳಿಸುತ್ತದೆ. ಮಗು ನುಡಿಸುವಾಗ ಟೀಚರ್ ‘ಒನ್, ಟೂ’ ಅಂತ ಎಣಿಸಿದರೆ ಮೂರನೆಯದೊಂದು ಅದನ್ನು ಪ್ರತಿಧ್ವನಿ ಎಂದು ತಿಳಿದು ಇಬ್ಬರಲ್ಲಿ ಒಬ್ಬರ ಬಾಯಿ ಮುಚ್ಚಿಸುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ. ಕೋಣಕ್ಕೆ ಅರ್ಥವಾಗದಿರಬಹುದು, ಪೂರ್ತಿ ಕೇಳಿಸಿಯಾದರೂ ಇರುತ್ತದೆ.

ಒಟ್ಟಿಗೆ ನುಡಿಸೋಣ ಅನ್ನುವುದಂತೂ ಕನಸು. ಇಬ್ಬರು ತಾಳ ತಪ್ಪದೆ ನುಡಿಸಬೇಕಾದರೆ ನಡುವಿನ ವಿಳಂಬ ಸುಮಾರು 30 ಮಿಲಿಸೆಕೆಂಡಿನೊಳಗೆ ಇರಬೇಕು, ಹತ್ತು ಮೀಟರ್ ದೂರದಿಂದ ಸದ್ದು ಬರುವಷ್ಟು. ಮಾಮೂಲಿ ವಿಡಿಯೊ ಕರೆಗೆ ಅದರ ಐದಾರು ಪಟ್ಟು ಬೇಕು. ಟೀಚರ್ ಚಪ್ಪಾಳೆ ತಡವಾಗಿ ತಲುಪುತ್ತದೆ, ಮಗು ಅದಕ್ಕೆ ಸರಿಯಾಗಿ ನುಡಿಸುತ್ತದೆ, ಅದು ಇನ್ನೂ ತಡವಾಗಿ ವಾಪಸ್ಸು ಬರುತ್ತದೆ. ‘ಲಯ ತಪ್ಪುತ್ತಿದೆ’ ಎಂದು ಟೀಚರ್ ಅನ್ನುತ್ತಾರೆ. ಮಗು ‘ಸರಿ ಮಿಸ್’ ಎಂದು ನಿಧಾನ ಮಾಡುತ್ತದೆ. ಇಬ್ಬರೂ ಸರಿ.

ಇದಕ್ಕೆಲ್ಲ ಮದ್ದಿಲ್ಲವೇ? ಇದೆ, ಹತ್ತು ನಿಮಿಷದ ಕೆಲಸ. ಅದಕ್ಕೇ ಸಿಟ್ಟು ಬರುವುದು. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಅನ್ನುವ ಆಯ್ಕೆ ಇದೆ, ಆನ್ ಮಾಡಿ. ಫೋನನ್ನು ಕೀಗಳ ಮೇಲಿನಿಂದ ಇಳಿನೋಟಕ್ಕೆ ಕಟ್ಟಿ. ಇನ್ನೊಂದು ಕ್ಯಾಮೆರಾ ಇದ್ದರೆ ಪಕ್ಕಕ್ಕೆ, ಮಣಿಕಟ್ಟು ಕಾಣುವ ಹಾಗೆ. ತಾಳ ಎಣಿಸುವ ಮೆಟ್ರೊನೋಮ್‌ನ ಟಿಕ್ ಟಿಕ್ ಮಗುವಿನ ಕಡೆಯೇ ಇರಲಿ, ನಿಮಿಷಕ್ಕೆ 60 ಟಿಕ್‌ಗೆ ಶುರು ಮಾಡಿ ತಪ್ಪಿಲ್ಲದೆ ಮೂರು ಸಲ ಬಂದ ಮೇಲೆ 64. ಎರಡೆರಡು ಬಾರ್ (ತಾಳದ ಒಂದು ಸುತ್ತು), ಒಂದೊಂದೇ ಕೈ. ನುಡಿಸಿದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಿದರೆ ಟೀಚರ್‌ಗೆ ನಿಜವಾದ ಸದ್ದು ಸಿಗುತ್ತದೆ. ಸ್ವರವನ್ನು ಮೊಳಗುತ್ತಲೇ ಇಡುವ ಪೆಡಲ್ ಮೇಲೆ ಕಾಲಿಟ್ಟುಕೊಂಡು ಕೀಬೋರ್ಡಿನ ಸ್ವಿಚ್ ಹಾಕಬೇಡಿ, ಹಾಕಿದರೆ ಅನೇಕ ಕೀಬೋರ್ಡುಗಳಲ್ಲಿ ಪೆಡಲ್ ಉಲ್ಟಾ ಕೆಲಸ ಮಾಡುತ್ತದೆ: ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಮೊಳಗುತ್ತದೆ. ಇದನ್ನೂ ಎಷ್ಟೋ ಮಕ್ಕಳ ‘ತಪ್ಪು’ ಎಂದು ಬರೆದುಕೊಂಡಾಗಿದೆ.

ಹೆತ್ತವರಿಗೆ ಇದ್ಯಾವುದೂ ಬೇಡ, ನೆಂಟರಿಗೆ ಕಳಿಸಲು ವಿಡಿಯೊ ಬೇಕು. ಅದಕ್ಕೆ ಬೀಥೋವನ್ ಬರೆದ ‘ಫ್ಯೂರ್ ಎಲೀಸ್’ ಎಂಬ ಪಿಯಾನೊ ಕೃತಿಯ ಮೊದಲ ಒಂಬತ್ತು ಸ್ವರ ಸಾಕು. ಹತ್ತನೆಯದನ್ನು ಕೇಳಿದವರು ಕಡಿಮೆ. ಬೀಥೋವನ್ 1827ರಲ್ಲಿ ತೀರಿಕೊಂಡ, ಅದು ಅಚ್ಚಾದದ್ದು 1867ರಲ್ಲಿ. ಜಗತ್ತಿಗೆ ಇನ್ನೂ 40 ವರ್ಷ ನೆಮ್ಮದಿ ಕೊಟ್ಟು ಹೋದ ಪುಣ್ಯಾತ್ಮ.

ಆರು ತಿಂಗಳ ಕೊನೆಗೆ ತೀರ್ಪು ಬರುತ್ತದೆ: ‘ಇವಳಿಗೆ ಟ್ಯಾಲೆಂಟ್ ಇಲ್ಲ.’ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರೀ, ಈ ಸಲ ನೆಲ ನಿಜಕ್ಕೂ ಡೊಂಕು. ಸ್ಟ್ಯಾಂಡು ಅಲುಗಾಡುತ್ತದೆ, ಕಾಲು ನೇತಾಡುತ್ತದೆ, ಕೀಗೆ ಮೆಲು ಯಾವುದು ಜೋರು ಯಾವುದು ಗೊತ್ತಿಲ್ಲ, ಮೈಕು ಅರ್ಧ ತಿನ್ನುತ್ತದೆ, 21 ದಿನ ಅಂತ ಹೇಳಿದವರು ದುಡ್ಡು ಎಣಿಸಿಕೊಂಡು ಮುಂದಿನ ಮನೆಗೆ ಹೋದರು. ಎಂಟು ವರ್ಷದ ಹುಡುಗಿಯ ಮೇಲೆ ಗೂಬೆ ಕೂರಿಸಿದರು. ಅವಳು ಅದನ್ನು ನಂಬಿದಳು ಕೂಡ.

ಇವತ್ತಿನ ಕ್ಲಾಸಿಗೆ ಇನ್ನು ಎರಡು ನಿಮಿಷ ಇದೆ. ಹುಡುಗಿ ಕೊನೆಯ ಸ್ವರವನ್ನು, ಪುಸ್ತಕದಲ್ಲಿ ಬರೆದಿರುವ ಹಾಗೇ, ಉಸಿರಿನಷ್ಟು ಮೆಲ್ಲಗೆ ಒತ್ತಿ, ನಾಲ್ಕು ಎಣಿಸುವವರೆಗೂ ಹಿಡಿದಿದ್ದಾಳೆ.

“ಕಟ್ ಆಯ್ತು ಪುಟ್ಟಾ,” ಅನ್ನುತ್ತಾರೆ ಟೀಚರ್. “ಏನೂ ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೊಡಿ.”