ಎಪ್ಪತ್ತರಿಂದ ಇನ್ನೂರರವರೆಗೆ

ಚಿಕ್ಕಪ್ಪನ ಮಗಳ ಮದುವೆಯ ವಿಡಿಯೊ ತೆಗೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದು ಗೋಡಂಬಿ. ಪಾಯಸಕ್ಕೆ ಗೋಡಂಬಿ ಧಾರಾಳವಾಗಿ ಬೀಳಬೇಕಾದರೆ ಪ್ಲೇಟಿಗೆ ಹತ್ತು ರೂಪಾಯಿ ಜಾಸ್ತಿ ಆಗುತ್ತೆ ಅಂತ ಅಡುಗೆಯವನು ಹೇಳಿದ. ಮುನ್ನೂರ ಐವತ್ತು ಪ್ಲೇಟು. ಚಿಕ್ಕಪ್ಪ ಮುಂಬಯಿಯ ಮಾಟುಂಗಾದ ಮನೆಯಲ್ಲಿ ಕೂತು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಹೂವಿನವನದು, ವಾಲಗದವರದು, ಈಗ ಗೋಡಂಬಿಯದು. ಎಲ್ಲಾದರೂ ಕತ್ತರಿ ಆಡಿಸಲೇಬೇಕಿತ್ತು.

"ಫೋಟೊಗೆ ಜನ ಬರ್ತಾರೆ. ವಿಡಿಯೊ ನೀನೇ ಮಾಡಿಬಿಡೋ. ನಿನ್ನ ಹತ್ರ ಅಷ್ಟು ದೊಡ್ಡ ಕ್ಯಾಮೆರಾ ಇದೆ, ಸುಮ್ನೆ ಕಪಾಟಿನಲ್ಲಿ ಕೂತಿದೆ" ಅಂದರು.

ಕ್ಯಾಮೆರಾ ಇದ್ದಿದ್ದು ನಿಜ. ಕಪಾಟಿನಲ್ಲಿ ಕೂತಿದ್ದೂ ನಿಜ. ಡಿಎಸ್‌ಎಲ್‌ಆರ್, ಜೊತೆಗೆ ಪೆಟ್ಟಿಗೆಯಲ್ಲೇ ಬಂದ 18-55 ಲೆನ್ಸು. ಈ ಅಂಕಿ ಏರಿದಷ್ಟೂ ನೋಟ ಹತ್ತಿರ ಬರುತ್ತದೆ. ನಾನು ಅದರಲ್ಲಿ ವಿಡಿಯೊ ತೆಗೆದದ್ದು ಒಂದೇ ಸಲ, ಡೊಂಬಿವಲಿಯಲ್ಲಿ ನಾದಿನಿಯ ಮಗುವಿನ ನಾಮಕರಣಕ್ಕೆ. ತೊಟ್ಟಿಲಿನಿಂದ ಮಗುವಿನ ಮುಖದ ತನಕ ನಿಧಾನವಾಗಿ ಜೂಮ್ ಮಾಡಿದೆ. ಹತ್ತಿರ ಹೋದಷ್ಟೂ ಚಿತ್ರ ಕಪ್ಪಾಗುತ್ತಾ ಹೋಯಿತು. ಆಮೇಲೆ ಟಿವಿಯಲ್ಲಿ ನೋಡುವಾಗ ಅತ್ತೆ, "ಅಯ್ಯೋ, ಹೆಸರು ಕೂಗೋ ಹೊತ್ತಿಗೇ ಕರೆಂಟ್ ಹೋಗಿತ್ತಾ?" ಅಂತ ಕೇಳಿದರು.

ಕರೆಂಟ್ ಹೋಗಿರಲಿಲ್ಲ. ಈ ಲೆನ್ಸುಗಳ ಹಣೆಬರಹವೇ ಅಷ್ಟು. 18ರಲ್ಲಿ ಎಫ್ 3.5 ತೆರೆದುಕೊಳ್ಳುವ ಕಿಂಡಿ, 55ಕ್ಕೆ ಹೋಗುವಷ್ಟರಲ್ಲಿ 5.6 ಆಗಿರುತ್ತದೆ. ಎಫ್ ಅಂಕಿ ಏರಿದಷ್ಟೂ ಕಿಂಡಿ ಕಿರಿದು. ನೂರು ಪಾಲು ಬೆಳಕು ಬರುತ್ತಿದ್ದ ಕಡೆ ನಲವತ್ತು ಪಾಲು. ಫೋಟೊ ತೆಗೆಯುವವನಿಗೆ ಇದು ಗೊತ್ತೇ ಆಗುವುದಿಲ್ಲ. ವಿಡಿಯೊದವನಿಗೆ ಅತ್ತೆ ತಿಳಿಸುತ್ತಾರೆ. ಇನ್ನು ಫೋಕಸ್ ಮೋಟಾರಿನ ಗರ್ ಗರ್ ಸದ್ದು ಕ್ಯಾಮೆರಾದ ಮೈಕಿಗೆ ನೇರವಾಗಿ ಬಿದ್ದು, ಹೆಂಗಸರ ಜೋಗುಳದ ಹಿಂದೆ ಯಾರೋ ದೋಸೆಹಿಟ್ಟು ರುಬ್ಬಿದ ಹಾಗೆ ಕೇಳುತ್ತಿತ್ತು.

ಮದುವೆಗೆ ಹೀಗಾಗಬಾರದು ಅಂತ ಒಂದು ತಿಂಗಳು ರಾತ್ರಿ ಕೂತು ಲೆನ್ಸುಗಳ ಬಗ್ಗೆ ಓದಿದೆ. ಓದಿದ ಮೇಲೆ ನಮ್ಮ ಹಳೇ ವಿಡಿಯೊದವರ ಮೇಲೆ ಗೌರವ ಬಂತು. ತೊಂಬತ್ತರ ದಶಕದಲ್ಲಿ ಹೆಗಲ ಮೇಲೆ ಕ್ಯಾಮೆರಾ ಹೊತ್ತು, ಇನ್ನೊಬ್ಬನ ಕೈಲಿ ಹ್ಯಾಲೊಜನ್ ದೀಪ ಹಿಡಿಸಿ ಬರುತ್ತಿದ್ದರಲ್ಲ, ಮದುಮಗಳ ಪೌಡರೆಲ್ಲ ಕರಗಿ ಕತ್ತಿಗೆ ಇಳಿಯುತ್ತಿತ್ತಲ್ಲ, ಅವರೇ. ಅವರ ಕ್ಯಾಮೆರಾದಲ್ಲಿ ಡಬ್ಲ್ಯು, ಟಿ ಅಂತ ಎರಡು ಗುರುತಿನ ಒಂದು ಗುಂಡಿ. ಒತ್ತಿದರೆ ಬೆಣ್ಣೆಯ ಮೇಲೆ ಚಾಕು ಜಾರಿದ ಹಾಗೆ ಜೂಮ್, ಫೋಕಸ್ಸೂ ಹೋದಲ್ಲೆಲ್ಲ ಜೊತೆಗೇ ಹೋಗುತ್ತಿತ್ತು. 2008ರಲ್ಲಿ ನಿಕಾನ್ ಡಿ90 ಬಂತು, ಹಿಂದೆಯೇ ಕ್ಯಾನನ್ 5ಡಿ ಮಾರ್ಕ್ 2 ಬಂತು. ಫೋಟೊ ಕ್ಯಾಮೆರಾಗಳೇ ವಿಡಿಯೊ ತೆಗೆಯತೊಡಗಿದವು. ಹಿನ್ನೆಲೆ ಮಸುಕಾಗಿ ಸಿನಿಮಾದ ಹಾಗೆ ಕಾಣುತ್ತೆ ಅಂತ ಮದುವೆಯವರೆಲ್ಲ ಅದಕ್ಕೇ ಮರುಳಾದರು. ಆದರೆ ಫೋಟೊ ಲೆನ್ಸಿನಲ್ಲಿ ಜೂಮ್ ಮಾಡಿದರೆ ಸಾಮಾನ್ಯವಾಗಿ ಫೋಕಸ್ ತಪ್ಪುತ್ತದೆ, ಮತ್ತೆ ಹಿಡಿಯಬೇಕು. ಅದನ್ನು ಮಾಡಿರುವುದೇ ನಿಂತ ಚಿತ್ರಕ್ಕೆ. ಓಡಿಸಿದ್ದು ನಾವು.

ಇನ್ನೊಂದು ವಿಷಯ ಓದಿ ನಗು ಬಂತು. ನನ್ನ ಕ್ಯಾಮೆರಾ ಒಂದೇಟಿಗೆ 29 ನಿಮಿಷ 59 ಸೆಕೆಂಡ್ ಓಡಿ ತಾನೇ ನಿಂತುಬಿಡುತ್ತದೆ. ಅರ್ಧ ಗಂಟೆ ತುಂಬಿದರೆ ಯುರೋಪಿನ ಸುಂಕದ ಕಟ್ಟೆಯಲ್ಲಿ ಅದು ವಿಡಿಯೊ ಕ್ಯಾಮೆರಾ ಆಗಿ ತೆರಿಗೆ ಏರುತ್ತಿತ್ತಂತೆ. ಅಲ್ಲಿನ ತೆರಿಗೆಗೆ ಮದುವೆ ನಡೆಯುವ ದಾದರ್‌ನಲ್ಲಿ ನಮ್ಮ ಭಟ್ಟರು ಮಂತ್ರ ಮೊಟಕು ಮಾಡಬೇಕೇ?

ಅಂತೂ ಬೋರಾ ಬಜಾರಿಗೆ ಹೋದೆ. ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ಬೀದಿ ತುಂಬ ಕ್ಯಾಮೆರಾ ಅಂಗಡಿ. ಒಂದು ಅಂಗಡಿಯಲ್ಲಿ ಬಾಡಿಗೆಗೆ ಲೆನ್ಸು ಕೇಳಿದೆ. ಕೌಂಟರಿನ ಹುಡುಗ ಜಾಣ. ನನ್ನ ಕ್ಯಾಮೆರಾದ ಮಾಡೆಲ್ ಕೇಳಿದ. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು, 17-55 ಎಫ್ 2.8 ತಗೊಳ್ಳಿ, ಜೂಮ್ ಎಲ್ಲಿಗೆ ಎಳೆದರೂ ಬೆಳಕು ಅಷ್ಟೇ ಇರುತ್ತೆ, ಮದುವೆಗೆ ಅದೇ ಸರಿ ಅಂದ. ಆಮೇಲೆ ಕೇಳಿದ, "ಹಾಲ್ ಕಿತನಾ ಬಡಾ ಹೈ?"

ಅಷ್ಟರಲ್ಲಿ ನನ್ನ ಕಣ್ಣು ಅವನ ಹಿಂದಿನ ಗಾಜಿನ ಕಪಾಟಿಗೆ ಹೋಗಿತ್ತು. ಬಿಳೀ ಬಣ್ಣದ 70-200, ಎಫ್ 2.8. ಥರ್ಮಾಸ್ ಫ್ಲಾಸ್ಕಿನ ಗಾತ್ರ. ಕ್ರಿಕೆಟ್ ಮೈದಾನದ ಅಂಚಿನಲ್ಲಿ ಫೋಟೊದವರು ಸಾಲಾಗಿ ಕೂತಿರುತ್ತಾರಲ್ಲ, ಅವರ ಬಿಳೀ ಲೆನ್ಸುಗಳ ಚಿಕ್ಕ ತಮ್ಮ.

"ಬಹುತ್ ಬಡಾ ಹೈ" ಅಂದೆ.

ಹಾಲ್ ನಾನು ನೋಡಿಯೇ ಇರಲಿಲ್ಲ.

ಆಧಾರ್ ಕಾರ್ಡಿನ ಝೆರಾಕ್ಸು, ಡಿಪಾಸಿಟ್ಟು, ಎರಡು ದಿನದ ಬಾಡಿಗೆ ಕೊಟ್ಟು ಲೆನ್ಸು ಹೊತ್ತುಕೊಂಡು ಬಂದೆ. ಹತ್ತಿರ ಹತ್ತಿರ ಒಂದೂವರೆ ಕೆಜಿ. ಸಂಜೆಯ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಎಲ್ಲರ ಹಾಗೆ ಬ್ಯಾಗನ್ನು ಎದೆಗೆ ತೊಟ್ಟು, ಮಗುವಿನ ಹಾಗೆ ತಬ್ಬಿಕೊಂಡು ನಿಂತೆ. ಪಕ್ಕದವನು ಬ್ಯಾಗಿಗೆ ಮೊಣಕೈ ಊರಿ ಠಾಣೆ ತನಕ ನಿದ್ದೆ ಮಾಡಿದ. ಮನೆಯಲ್ಲಿ ಹೆಂಡತಿ ನೋಡಿದವಳೇ, "ಇದೇನ್ರೀ, ಮದುವೆ ತೆಗೆಯೋಕಾ, ಚಂದ್ರನ್ನ ತೆಗೆಯೋಕಾ?" ಅಂದಳು. ನಾನು ಉತ್ತರ ಕೊಡಲಿಲ್ಲ. ಬ್ಯಾಗಿನಲ್ಲಿ ಜಾಗ ಸಾಲದೆ ಹಳೇ 18-55 ಅನ್ನು ಕಪಾಟಿಗೆ ಸೇರಿಸಿದೆ. ಅದರ ಮುಖ ನೋಡುವುದಕ್ಕೂ ಮನಸ್ಸಿರಲಿಲ್ಲ.

ಮದುವೆ ದಿನ ದಾದರ್‌ನ ಹಾಲಿಗೆ ಕಾಲಿಟ್ಟಾಗ ಎದೆ ಧಸಕ್ಕೆಂದಿತು. ಮೊದಲ ಮಹಡಿ, ನಡುವೆ ಎರಡು ಕಂಬ, ಉಳಿದ ಜಾಗದಲ್ಲೆಲ್ಲ ಕುರ್ಚಿ. ಮುಂಬಯಿಯಲ್ಲಿ ಹಾಲ್ ಅಂದರೆ ಹಾಗೇ ಅಲ್ವಾ? ಮಂಟಪದ ಎದುರು ನಿಂತು ಕ್ಯಾಮೆರಾದಲ್ಲಿ ಕಣ್ಣಿಟ್ಟೆ. ಮದುಮಗನ ಬಾಸಿಂಗ ಕಾಣಿಸಿತು. ಬಾಸಿಂಗ ಮಾತ್ರ.

ಸ್ವಲ್ಪ ಹಿಂದೆ ಬಂದೆ. ಮೂಗು ಬಂತು. ಇನ್ನೂ ಹಿಂದೆ ಬಂದೆ. ನನ್ನ ಚಿಕ್ಕ ಸೆನ್ಸರಿಗೆ 70 ಅಂದರೂ ದೂರದರ್ಶಕವೇ. ಹತ್ತಡಿ ಅಗಲದ ಮಂಟಪ ಪೂರ್ತಿ ಹಿಡಿಸಬೇಕಾದರೆ ಮೂವತ್ತಡಿಗಿಂತ ಹಿಂದೆ ನಿಲ್ಲಬೇಕು ಅನ್ನುವ ಲೆಕ್ಕವನ್ನು ನಾನು ಹಾಕಿದ್ದು ಆಗ, ಕುರ್ಚಿಗಳ ಮಧ್ಯೆ, ಬೆನ್ನು ಮುಂದಾಗಿ ನಡೆಯುತ್ತಾ. ಐದನೇ ಸಾಲಿನಲ್ಲಿ ಒಬ್ಬರ ಕಾಲು ತುಳಿದೆ. ಎಂಟನೇ ಸಾಲಿನಲ್ಲಿ ಗಂಡಿನ ಕಡೆಯ ಅಜ್ಜಿಯೊಬ್ಬರು, "ದಾದಾ, ಜರಾ ಬಾಜೂಲಾ ವ್ಹಾ" ಅಂತ ಮರಾಠಿಯಲ್ಲಿ ಸೆರಗಿನಿಂದಲೇ ಸರಿಸಿದರು. ಗಂಡಿನ ಕಡೆಯವರು ಪುಣೆಯವರು. ಅಂತರಪಟ ಎರಡೂ ಕಡೆಯವರಿಗೆ ಬೇಕು, ಅವರ ಮಂಗಲಾಷ್ಟಕವೂ ಬೇಕು. ಪ್ರತಿ "ಸಾವಧಾನ"ಕ್ಕೆ ಒಂದು ಸುತ್ತು ಅಕ್ಷತೆ. ಹಿಂದೆ ಕೂತವರು ಎಸೆದ ಅಕ್ಷತೆ ಮಂಟಪದ ತನಕ ಯಾವತ್ತು ಹೋಗಿದೆ ಹೇಳಿ? ಎಲ್ಲಾ ನನ್ನ ಮೇಲೆ. ಲೆನ್ಸಿನ ಹುಡ್ಡಿನ ಒಳಗೆ ಅರಿಶಿನದ ಅಕ್ಕಿಕಾಳು ಏಳೆಂಟು ಸೇರಿಕೊಂಡು, ಕ್ಯಾಮೆರಾ ಬಗ್ಗಿಸಿದಾಗಲೆಲ್ಲ ಗಿಲಿಗಿಲಿ ಅನ್ನುತ್ತಿದ್ದವು.

ಹೀಗೆ ಹಿಂದೆ ಹಿಂದೆ ಹೋಗಿ ಮಂಟಪ ಪೂರ್ತಿ ಚೌಕಟ್ಟಿಗೆ ಬಂದಾಗ ನಾನು ಊಟದ ಹಾಲಿನ ಬಾಗಿಲಲ್ಲಿದ್ದೆ. ಬೆನ್ನಿಗೆ ಕೈ ತೊಳೆಯುವ ನಲ್ಲಿ. ಆದರೂ ಚಿತ್ರ ನೋಡಿ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಹಿಂದಿನ ದೀಪದ ಸರಗಳೆಲ್ಲ ಕರಗಿ ಹೊಂಬಣ್ಣದ ಬಟ್ಟಲುಗಳಾಗಿದ್ದವು. ಫೋಟೊದವರ ಬೆನ್ನುಗಳ ಸಂದಿಯಲ್ಲಿ ಹುಡುಗಿಯ ಮುಖ ದಂತದ ಹಾಗೆ. ಈ ಲೆನ್ಸಿಗೆ ಕೊಟ್ಟ ಬಾಡಿಗೆ ದಂಡವಾಗಲಿಲ್ಲ ಅಂದುಕೊಂಡೆ.

ಗಟ್ಟಿಮೇಳ ಶುರುವಾಯಿತು. ತಾಳಿ ಕಟ್ಟುವ ಕೈಗಳೇ ಬೇಕು ಅಂತ 200ಕ್ಕೆ ಎಳೆದೆ. ಅಲ್ಲಿಗೆ ಎಳೆದರೆ ಕೋಲಿನ ಮೇಲೆ ಕ್ಯಾಮೆರಾ ಊರಿದ್ದರೂ ನಮ್ಮ ಉಸಿರಾಟ ಚಿತ್ರದಲ್ಲಿ ಕಾಣುತ್ತದೆ. ಉಸಿರು ಕಟ್ಟಿದೆ. ಫೋಕಸ್ ತಪ್ಪಿತ್ತು. ಆಟೊ ಫೋಕಸ್‌ಗೆ ಬಿಟ್ಟೆ. ಅದು ಒಮ್ಮೆ ಮುಂದೆ ಹೋಯಿತು, ಒಮ್ಮೆ ಹಿಂದೆ ಹೋಯಿತು, ಕೊನೆಗೆ ಟಕ್ ಅಂತ ನಿಂತಿತು. ಎಲ್ಲಿ ನಿಂತಿತು ಅಂತ ಆ ಪುಟಾಣಿ ಪರದೆಯಲ್ಲಿ, ಆ ಗದ್ದಲದಲ್ಲಿ, ಕಣ್ಣಿಗೆ ಬೆವರು ಇಳಿದವನಿಗೆ ಹೇಗೆ ತಿಳಿಯಬೇಕು?

ತಿಳಿದದ್ದು ಎಂಟು ದಿನ ಕಳೆದ ಮೇಲೆ, ಚಿಕ್ಕಪ್ಪನ ಮನೆ ಟಿವಿಯಲ್ಲಿ. ಮನೆಯವರೆಲ್ಲ ಚಾಪೆ ಹಾಸಿ ಕೂತಿದ್ದರು. ಗಟ್ಟಿಮೇಳ ಜೋರಾಯಿತು. ಹಿಂದೆ ಮಂಟಪದಲ್ಲಿ ಕೆಂಪು, ಹಳದಿ, ಬಿಳಿ ಮೋಡಗಳು ಅಲುಗಾಡುತ್ತಿದ್ದವು. ಅದರಲ್ಲಿ ಯಾವುದೋ ಒಂದು ಮೋಡ ಇನ್ನೊಂದಕ್ಕೆ ತಾಳಿ ಕಟ್ಟುತ್ತಿತ್ತು. ಮುಂದೆ ಐದಾರು ಅಡಿ ದೂರದಲ್ಲಿ, ಪರದೆಯ ಅರ್ಧ ತುಂಬಿಕೊಂಡು, ಬಡಿಸುವ ಹುಡುಗನ ಕೈ. ಬಕೆಟ್ಟಿನಿಂದ ಪಾಯಸ ಎತ್ತಿದವನು ವಾಲಗ ಕೇಳಿ ಮಂಟಪದ ಕಡೆ ತಿರುಗಿ ಹಾಗೇ ನಿಂತಿದ್ದ. ಸೌಟು ಗಾಳಿಯಲ್ಲಿ. ಎಂಥಾ ಫೋಕಸ್ ಅಂತೀರಿ! ಸೌಟಿನ ಹಿಡಿಯ ಮೇಲೆ ಕೊರೆಸಿದ ಅಕ್ಷರ ಓದಬಹುದಿತ್ತು. ಅಂಚಿನಿಂದ ಒಂದು ತೊಟ್ಟು ಇಳಿದು, ಉದ್ದವಾಗಿ, ಕಳಚಿ ಬಿತ್ತು.

ಯಾರೂ ಮಾತಾಡಲಿಲ್ಲ. ಚಿಕ್ಕಮ್ಮ ಕಣ್ಣು ಒರೆಸಿಕೊಂಡರು, ಯಾವುದಕ್ಕೆ ಅಂತ ಕೇಳುವ ಧೈರ್ಯ ಆಗಲಿಲ್ಲ. ಹೆಂಡತಿ ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ.

ಚಿಕ್ಕಪ್ಪ ಮಾತ್ರ ಮೆಲ್ಲಗೆ ಎದ್ದು ಟಿವಿ ಹತ್ತಿರ ಹೋದರು. ಕನ್ನಡಕ ಹಣೆಗೇರಿಸಿ, ಬೆರಳು ಪರದೆಗೆ ತಾಗುವ ಹಾಗೆ ಬಗ್ಗಿದರು.

"ನಿಲ್ಲಿಸೋ, ನಿಲ್ಲಿಸು ಅದನ್ನ" ಅಂದರು.

ನಿಲ್ಲಿಸಿದೆ.

"ಒಂದು... ಎರಡು... ಇದು ದ್ರಾಕ್ಷಿ." ತಿರುಗಿ ನನ್ನ ಕಡೆ ನೋಡಿದರು. "ಇಡೀ ಸೌಟಿಗೆ ಎರಡೇ ಗೋಡಂಬಿ ಕಣೋ! ಇದೊಂದನ್ನ ಫೋಟೊ ಮಾಡಿ ನನ್ನ ವಾಟ್ಸಾಪಿಗೆ ಹಾಕು. ಆ ಅಡುಗೆಯವನಿಗೆ ಬಾಕಿ ದುಡ್ಡು ಇನ್ನೂ ಕೊಟ್ಟಿಲ್ಲ."