ಚೀನೀ ಅಕ್ಷರ ಕಲಿಯುವವರಿಗೆ ಸ್ಟ್ರೋಕ್ ಆರ್ಡರ್ (ಗೆರೆ ಎಳೆಯುವ ಕ್ರಮ) ಕಡ್ಡಾಯವೇ? ಪರ-ವಿರೋಧ

ಪರ: ಕ್ರಮ ಕೈಗೆ ಹತ್ತಲೇಬೇಕು

ಅಕ್ಷರ ನೋಡೋಕೆ ಸರಿಯಾಗಿದ್ದರೆ ಸಾಕಲ್ವಾ, ಯಾವ ಗೆರೆ ಮೊದಲು ಎಳೆದೆ ಅಂತ ಯಾರು ಕೇಳ್ತಾರೆ? ಚೀನೀ ಕಲಿಯಲು ಕೂತವರೆಲ್ಲ ಒಂದಲ್ಲ ಒಂದು ದಿನ ಹೀಗೆ ಕೇಳುತ್ತಾರೆ. ಸಾಲದು ಅಂತಲೇ ನನ್ನ ಉತ್ತರ.

'ಬಾಯಿ' ಎನ್ನುವ ಅಕ್ಷರ ನೋಡಿ. ಬರೀ ಒಂದು ಚೌಕ. ನಮ್ಮ ಪಾಡಿಗೆ ಬಿಟ್ಟರೆ ನಾಲ್ಕು ಗೆರೆ ಎಳೆದುಬಿಡುತ್ತೇವೆ. ಚೀನೀ ಲೆಕ್ಕದಲ್ಲಿ ಅದು ಮೂರೇ ಗೆರೆ. ಎಡಗಡೆ ಕೆಳಕ್ಕೊಂದು. ಮೇಲೆ ಬಲಕ್ಕೆ ಹೋಗಿ, ಪೆನ್ನು ಎತ್ತದೆ ಹಾಗೇ ಕೆಳಗಿಳಿಯುವುದು ಇನ್ನೊಂದು. ಕೊನೆಗೆ ತಳದ್ದು. ಈ ಲೆಕ್ಕ ತಪ್ಪಿದರೆ, ಗೆರೆ ಎಣಿಸಿ ಹುಡುಕುವ ನಿಘಂಟಿನಲ್ಲಿ ಅಕ್ಷರ ಸಿಗುವುದೇ ಇಲ್ಲ. ಅದೇ ಚೌಕ ಎಷ್ಟೋ ಅಕ್ಷರಗಳ ಒಳಗೂ ಕೂತಿರುತ್ತದೆ. ಅಲ್ಲೆಲ್ಲ ಇದೇ ತಪ್ಪು.

ನಿಯಮಗಳೇನೂ ಜಾಸ್ತಿ ಇಲ್ಲ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಅಡ್ಡಗೆರೆ ಆದಮೇಲೆ ಉದ್ದಗೆರೆ. 'ದೇಶ' ಎನ್ನುವ ಅಕ್ಷರಕ್ಕೆ ಸುತ್ತಲೂ ಗೋಡೆ ಇದೆ. ಮೂರು ಕಡೆ ಎಳೆದು, ಒಳಗಿನದ್ದು ಬರೆದು, ಆಮೇಲೆ ತಳ ಮುಚ್ಚಬೇಕು. ಮೊದಲು ಜನ ಒಳಗೆ ಬರಲಿ, ಆಮೇಲೆ ಬಾಗಿಲು ಹಾಕಿ ಅಂತ ಚೀನಾದ ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಡುತ್ತಾರೆ.

ಎಲ್ಲಕ್ಕಿಂತ ಮುಖ್ಯ ಅಂದರೆ ಬೇರೆಯವರ ಕೈಬರಹ ಓದಲು ಬರುವುದು. 'ನದಿ', 'ಸಮುದ್ರ' ಇಂಥ ಅಕ್ಷರಗಳ ಎಡಕ್ಕೆ ನೀರಿನ ಮೂರು ಹನಿ ಇರುತ್ತವೆ. ಮೊದಲೆರಡು ಕೆಳಮುಖ. ಮೂರನೆಯದು ಮಾತ್ರ ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ. ಕೈ ಅಲ್ಲಿಂದ ಬಲಗಡೆಯ ಭಾಗಕ್ಕೆ ಹೋಗಬೇಕಲ್ಲ, ಅದಕ್ಕೆ. ಬೇಗ ಬರೆಯುವಾಗ ಮೂರೂ ಹನಿ ಕೂಡಿ ಒಂದೇ ಎಳೆತವಾಗುತ್ತವೆ. ಕ್ರಮ ಗೊತ್ತಿದ್ದವರಿಗೆ ಆ ಎಳೆತದಲ್ಲೂ ಮೂರು ಹನಿ ಕಾಣುತ್ತವೆ. ಗೊತ್ತಿಲ್ಲದವರಿಗೆ ಅದು ಸುಮ್ನೆ ಗೀಚಿದ ಹಾಗೆ. 353ರಲ್ಲಿ ಚೀನಾದ ಹೆಸರಾಂತ ಕುಂಚಬರಹಗಾರ ವಾಂಗ್ ಶೀಜಿ ಒಂದು ಕವನ ಸಂಕಲನಕ್ಕೆ ಬರೆದ ಲಾನ್‌ಟಿಂಗ್ ಮುನ್ನುಡಿಯ ಮೂಲ ಈಗ ಇಲ್ಲ. ಆದರೆ ಅದರ ನಕಲುಗಳನ್ನು ಎದುರಿಗಿಟ್ಟುಕೊಂಡು ಜನ ಇವತ್ತಿಗೂ ಬರೆದು ಅಭ್ಯಾಸ ಮಾಡುತ್ತಾರೆ. ಅಂಥ ಬರಹದಲ್ಲಿ ಕುಂಚ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದು ಕಣ್ಣಿಗೆ ಕಾಣಬೇಕಾದರೆ ಕ್ರಮ ಗೊತ್ತಿರಲೇಬೇಕು.

ವಿರೋಧ: ಕಲಿಸಿ, ಕಡ್ಡಾಯ ಮಾಡಬೇಡಿ

ಸರಿಯಾದ ಕ್ರಮ ಅಂತೀರಿ. ಯಾವ ದೇಶದ್ದು? 'ಹೊಲ' ಎನ್ನುವ ಅಕ್ಷರ ಅಂದರೆ ಒಂದು ಚೌಕ, ಅದರೊಳಗೆ ಅಡ್ಡ ಒಂದು, ಉದ್ದ ಒಂದು ಗೆರೆ. ಚೀನಾದಲ್ಲಿ ಒಳಗಿನ ಅಡ್ಡಗೆರೆ ಮೊದಲು. ಜಪಾನಿನಲ್ಲಿ ಉದ್ದಗೆರೆ ಮೊದಲು. 'ಬಲಗಡೆ' ಎನ್ನುವ ಅಕ್ಷರವನ್ನು ಚೀನಾದ ಮಗು ಅಡ್ಡಗೆರೆಯಿಂದ ಶುರು ಮಾಡುತ್ತದೆ, ಜಪಾನಿನ ಮಗು ಎಡಕ್ಕಿಳಿಯುವ ಓರೆಗೆರೆಯಿಂದ. ಬರೆದು ಮುಗಿಸಿದ ಮೇಲೆ ಎರಡೂ ಒಂದೇ.

ಚೀನಾ 2020ರಲ್ಲಿ 8,105 ಅಕ್ಷರಗಳಿಗೆ ಕ್ರಮ ಗೊತ್ತುಮಾಡಿ ಪಟ್ಟಿ ಹೊರಡಿಸಿತು. ತೈವಾನಿನ ಶಿಕ್ಷಣ ಇಲಾಖೆಗೆ ತನ್ನದೇ ಪಟ್ಟಿ ಇದೆ, ಕೆಲವು ಅಕ್ಷರಗಳಲ್ಲಿ ಎರಡಕ್ಕೂ ತಾಳೆಯಾಗುವುದಿಲ್ಲ. ಜಪಾನಿನ ಶಿಕ್ಷಣ ಇಲಾಖೆ 1958ರಲ್ಲಿ ಶಾಲೆಗಳಿಗೆ ಕೈಪಿಡಿ ಕೊಟ್ಟಾಗ, ಇದರಲ್ಲಿಲ್ಲದ ಕ್ರಮ ತಪ್ಪು ಅಂತ ಅರ್ಥವಲ್ಲ ಎಂದು ಅದರಲ್ಲೇ ಹೇಳಿತ್ತು. ಪಟ್ಟಿ ಮಾಡಿದವರೇ ಇಷ್ಟು ಸಡಿಲ ಬಿಟ್ಟಿರುವಾಗ ಪಾಠ ಹೇಳುವವರು ಯಾಕೆ ಹಟ ಹಿಡಿಯಬೇಕು?

ಎಡಗೈಯಲ್ಲಿ ಬರೆಯುವವರನ್ನೂ ನೆನಪಿಸಿಕೊಳ್ಳಿ. ಎಡದಿಂದ ಬಲಕ್ಕೆ ಅಡ್ಡಗೆರೆ ಹಾಕುವಾಗ ಬಲಗೈಯವರು ಪೆನ್ನನ್ನು ಎಳೆಯುತ್ತಾರೆ, ಇವರು ತಳ್ಳಬೇಕು. ಈ ಕ್ರಮ ಬೆಳೆದು ಬಂದದ್ದೇ ಬಲಗೈಗೆ ಒಗ್ಗುವ ಹಾಗೆ.

ಇನ್ನು ಸಮಯದ ಮಾತು. ದಿನವಿಡೀ ದುಡಿದು ರಾತ್ರಿ ಪುಸ್ತಕ ಹಿಡಿಯುವವರಿಗೆ ಇರುವುದೇ ಸ್ವಲ್ಪ ಹೊತ್ತು. ಅದನ್ನು ಉಚ್ಚಾರಣೆಗೆ ಕೊಡುವುದು ಮೇಲು. 'ಮಾ' ಅನ್ನುವುದನ್ನು ಒಂದು ದನಿಯಲ್ಲಿ, ಅಂದರೆ ಸ್ವರದ ಒಂದು ಏರಿಳಿತದಲ್ಲಿ, ಹೇಳಿದರೆ ಅಮ್ಮ, ಇನ್ನೊಂದರಲ್ಲಿ ಕುದುರೆ. ದನಿ ತಪ್ಪಿದರೆ ಎದುರಿನವರಿಗೆ ಮಾತೇ ಅರ್ಥವಾಗದೆ ಹೋಗಬಹುದು. ಗೆರೆ ಹಿಂದುಮುಂದಾದರೆ ಎಷ್ಟೋ ಸಲ ಯಾರಿಗೂ ಗೊತ್ತೇ ಆಗುವುದಿಲ್ಲ. ಮೊಬೈಲಿನಲ್ಲಂತೂ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಸಾಕು, ಚೀನೀ ಅಕ್ಷರ ತಾನೇ ಬರುತ್ತದೆ. ಹೊರಗಿನವರು ಚೀನೀ ಎಷ್ಟು ಕಲಿಯಬೇಕು ಅಂತ ಚೀನಾವೇ 2021ರಲ್ಲಿ ಮಾಡಿದ ಮಾನದಂಡದಲ್ಲಿ ಗುರುತಿಸಬೇಕಾದ ಅಕ್ಷರ 3,000. ಕೈಯಲ್ಲಿ ಬರೆಯಬೇಕಾದ್ದು 1,200 ಮಾತ್ರ.

ಚೌಕ, ನೀರಿನ ಹನಿ, ಮರ, ಮನುಷ್ಯ: ಮತ್ತೆ ಮತ್ತೆ ಬರುವ ಇಂಥ ಭಾಗಗಳ ಕ್ರಮವನ್ನು ಚೆನ್ನಾಗಿ ಕಲಿಸಿ. ಮಿಕ್ಕಿದ್ದರಲ್ಲಿ ಅಕ್ಷರ ಸರಿಯಾಗಿ ಬಂದಿದ್ದರೆ, ಮೂರನೇ ಗೆರೆ ನಾಲ್ಕನೆಯದಾಯಿತು ಅಂತ ಅಂಕ ಕಳೆಯಬೇಡಿ.