ಹಳೇ ಪೈಪೋಟಿಗಳೆಲ್ಲ ಮುಗಿದಿಲ್ಲ: ಒಂದು ಸ್ಪಷ್ಟನೆ

‘ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಂಡಗಳು ಕಾನ್ಫರೆನ್ಸ್ ಬದಲಿಸಿ ಹಳೇ ಪೈಪೋಟಿ ಪಂದ್ಯಗಳೆಲ್ಲ ನಿಂತುಹೋದವು’ ಅನ್ನೋ ಮಾತು ಓಡಾಡುತ್ತಿದೆ. ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲೇ ಪಂದ್ಯ ಆಡುವ ಕಾಲೇಜು ತಂಡಗಳ ಗುಂಪು. ಈ ಮಾತು ಅರ್ಧ ಸತ್ಯ.

ಒಕ್ಲಹೋಮ ಮತ್ತು ಒಕ್ಲಹೋಮ ಸ್ಟೇಟ್ ನಡುವಿನ ‘ಬೆಡ್‌ಲಮ್’ ಪಂದ್ಯ 2023ರ ನಂತರ ನಿಂತಿರುವುದು ನಿಜ. ಆದರೆ ಅದೇ ವಲಸೆಯಿಂದ ಇನ್ನೊಂದು ಪಂದ್ಯ ವಾಪಸ್ ಬಂತು. ಒಕ್ಲಹೋಮ ಜತೆ ಟೆಕ್ಸಸ್ ಕೂಡ 2024ರಲ್ಲಿ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಸೇರಿತು; ಟೆಕ್ಸಸ್ ಎ ಆ್ಯಂಡ್ ಎಂ ಮೊದಲೇ ಅಲ್ಲಿತ್ತು. 2011ರಿಂದ ನಿಂತಿದ್ದ ಟೆಕ್ಸಸ್ ಎ ಆ್ಯಂಡ್ ಎಂ ಜತೆಗಿನ ಪಂದ್ಯ ಆ ನವೆಂಬರ್‌ನಲ್ಲಿ ಮತ್ತೆ ನಡೆಯಿತು. ಟೆಕ್ಸಸ್ 17-7ರಿಂದ ಗೆದ್ದಿತು. ಮುನಿಸಿಕೊಂಡ ದಾಯಾದಿಗಳು ಮತ್ತೆ ಒಂದೇ ಪಂಕ್ತಿಯಲ್ಲಿ ಕೂತ ಹಾಗೆ, ಅಲ್ವಾ?

‘ಕಾನ್ಫರೆನ್ಸ್ ಚಾಂಪಿಯನ್ ಆದರೆ ಪ್ಲೇಆಫ್‌ನ ಮೊದಲ ಸುತ್ತಿಗೆ ರಜೆ’ ಅನ್ನೋದೂ ಈಗ ಹಳೇ ಕಥೆ. ಪ್ಲೇಆಫ್ ಅಂದರೆ ಋತುವಿನ ಕೊನೆಗೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಪಂದ್ಯಗಳು; ರಜೆ ಅಂದರೆ ಮೊದಲ ಸುತ್ತು ಆಡದೆ ನೇರ ಎರಡನೇ ಸುತ್ತಿಗೆ. ಪ್ಲೇಆಫ್ 4ರಿಂದ 12 ತಂಡಗಳಿಗೆ ಬೆಳೆದ 2024ರಲ್ಲಿ ಆ ರಜೆ ರ‍್ಯಾಂಕಿಂಗ್‌ನಲ್ಲಿ ಮೇಲಿದ್ದ ನಾಲ್ಕು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮಾತ್ರ ಇತ್ತು. 2025ರಿಂದ ರ‍್ಯಾಂಕಿಂಗ್‌ನ ಮೊದಲ ನಾಲ್ವರಿಗೆ, ಅವರು ಯಾರೇ ಆಗಿರಲಿ.

ವೇಳಾಪಟ್ಟಿಯ ನಿಜವಾದ ಬದಲಾವಣೆ ಬೇರೆ ಕಡೆ ಇದೆ. 2026ರಿಂದ ಎಸ್‌ಇಸಿ ತಂಡಗಳು ಎಂಟಲ್ಲ, ಒಂಬತ್ತು ಕಾನ್ಫರೆನ್ಸ್ ಪಂದ್ಯ ಆಡಬೇಕು. ಮೂವರು ಎದುರಾಳಿಗಳು ಪ್ರತಿ ವರ್ಷ ಕಾಯಂ, ಉಳಿದ ಆರು ಸರದಿಯಂತೆ. ಆ ಮೂವರ ಪಟ್ಟಿಯಲ್ಲೇ ಹಳೇ ಪೈಪೋಟಿಗಳಿಗೆ ಜಾಗ.